ಒಂದು ಗೇಣು ಕಿಟಕಿ

ಆ ಶಾಲೆಯ ಐವತ್ತು ವರ್ಷದ ಚರಿತ್ರೆಯಲ್ಲಿ ಗಂಭೀರವಾಗಿ ದಾಖಲಿಸಬೇಕಾದ ಸಂಗತಿಗಳು ಮೂರು. ಮೊದಲನೆಯದು, ಶಾಲೆ ಕಟ್ಟಿದ್ದು. ಎರಡನೆಯದು, ಅದರ ಚಾವಣಿಯನ್ನು ಇನ್ನೊಂದು ಸಲ ಕಟ್ಟಬೇಕಾಗಿ ಬಂದದ್ದು. ಮೂರನೆಯದು, ಮುಂದಿನ ಕಚೇರಿಯ ಕಿಟಕಿಯ ಗಾಜು ಎಷ್ಟು ಸರಿದಿರಬೇಕು ಎಂಬ ಪ್ರಶ್ನೆ ಎದ್ದದ್ದು. ಮೊದಲಿನ ಎರಡಕ್ಕೆ ಗೋಡೆಯಲ್ಲಿ ಕಲ್ಲಿನ ಫಲಕಗಳಿವೆ. ಮೂರನೆಯದಕ್ಕೆ ಇಲ್ಲವಾದ್ದರಿಂದ ಇಲ್ಲಿ ಬರೆಯಬೇಕಾಗಿದೆ.

ಆಚೆಯವರ ಮುಖ ಈಚೆಗೆ ಕಾಣದ ಆ ಮಬ್ಬು ಗಾಜು ಇಪ್ಪತ್ತೆರಡು ವರ್ಷದಿಂದ ಒಂದು ಗೇಣು ತೆರೆದಿರುತ್ತಿತ್ತು. ಯಾರ ಗೇಣು ಎಂದರೆ, ಕಿಟಕಿ ಮೇಡಂ ಅವರದು. ಕಚೇರಿಯ ಈ ಹಿರಿಯ ಗುಮಾಸ್ತೆಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಸಂಬಳದ ದಿನ ಮಾತ್ರ ಬಳಕೆಗೆ ಬರುತ್ತಿತ್ತು. ಉಳಿದಂತೆ ಮಕ್ಕಳಿಗೆ, ಹೆತ್ತವರಿಗೆ, ಸೀಮೆಸುಣ್ಣ ತಂದುಹಾಕುವವನಿಗೆ, ಎಲ್ಲರಿಗೂ ಅವರು ಕಿಟಕಿ ಮೇಡಂ. ಬೆಳಿಗ್ಗೆ ಏಳೂಮುಕ್ಕಾಲಿಗೆ ಬಂದು, ಹೆಬ್ಬೆರಳನ್ನು ಚೌಕಟ್ಟಿಗೆ ಒತ್ತಿ, ಕಿರುಬೆರಳು ಚಾಚಿ, ಅದು ಮುಟ್ಟುವಷ್ಟಕ್ಕೆ ಗಾಜು ಸರಿಸಿ, ಹಳಿಯಲ್ಲೊಂದು ಮರದ ಬೆಣೆ ಸಿಕ್ಕಿಸಿ ಕೂತರೆಂದರೆ ಶಾಲೆ ಶುರುವಾಯಿತು ಎಂದೇ ಲೆಕ್ಕ. ಗಂಟೆ ಹೊಡೆಯುವುದು ಅದಾದ ಮೇಲಿನ ಮಾತು.

ಈ ಗೇಣಿನ ಹಿಂದೆ ಒಂದು ಸಿದ್ಧಾಂತವಿತ್ತು. ಅದನ್ನು ಅವರು ಗಂಟೆಯಣ್ಣನಿಗೆ, ಅಂದರೆ ಗಂಟೆ ಹೊಡೆಯುವ, ಫೈಲು ಹೊರುವ, ಬಿದ್ದ ಮಕ್ಕಳ ಮೊಣಕಾಲು ತೊಳೆಯುವ ಹಳೆಯ ಜವಾನನಿಗೆ, ಹೀಗೆ ವಿವರಿಸಿದ್ದರು: "ಒಂದು ಗೇಣಲ್ಲಿ ಕೈ ಬರುತ್ತೆ, ಕಾಗದ ಬರುತ್ತೆ, ಮಾತು ಬರುತ್ತೆ. ತಲೆ ಬರಲ್ಲ. ತಲೆ ಒಳಗೆ ಬರದೇ ಇದ್ರೆ ಜಗಳ ಹೊರಗೇ ನಿಲ್ಲುತ್ತೆ."

"ಹೌದು ಮತ್ತೆ," ಎಂದಿದ್ದ ಗಂಟೆಯಣ್ಣ. "ನಮ್ಮನೇಲಿ ಕಿಟಕೀನೇ ಇಲ್ಲ, ಅದಕ್ಕೇ ಜಗಳ ಎಲ್ಲ ಒಳಗೇ."

ಆ ಕುರ್ಚಿಯಲ್ಲಿ ಒಂದು ದಿನ ಕೂತವರಿಗೆ ಈ ಸಿದ್ಧಾಂತದ ಬೆಲೆ ತಿಳಿಯುತ್ತದೆ. ಬೆಳಗಿನ ಮೊದಲ ಅರ್ಧ ಗಂಟೆ ತಡವಾಗಿ ಬಂದವರದು. ಆಮೇಲಿನದು ಮರೆತು ಬಂದವರದು: ಊಟದ ಡಬ್ಬಿ, ಕನ್ನಡಕ, ಹೋಂವರ್ಕ್, ಒಮ್ಮೆ ಒಬ್ಬ ತಂದೆ ಬ್ಯಾಗನ್ನು ಕಿಟಕಿಯಲ್ಲಿ ಕೊಟ್ಟು ಮಗನನ್ನು ಕಾರಿನಲ್ಲೇ ಮರೆತು ರಸ್ತೆಯ ತಿರುವಿನವರೆಗೆ ಹೋಗಿ ವಾಪಸು ಬಂದಿದ್ದ. ಹತ್ತು ಗಂಟೆಯಿಂದ ಹೊಟ್ಟೆನೋವಿನವರು. ಗಣಿತದ ಪರೀಕ್ಷೆಯ ದಿನ ಅದು ಸಾಂಕ್ರಾಮಿಕ. ನಡುವೆ ಒಂದೇ ಸಮನೆ ಬಡಿದುಕೊಳ್ಳುವ ಎರಡು ಫೋನು. ಎರಡು ಫೋನಿಗೆ ಎರಡು ಕಿವಿ ಕೊಟ್ಟ ದೇವರು ಬಾಯಿಯ ಲೆಕ್ಕದಲ್ಲಿ ಮಾತ್ರ ಕೈ ಬಿಗಿಹಿಡಿದಿದ್ದ.

"ಮಗಳು ಯಾವ ಕ್ಲಾಸು ಸಾರ್?" ಎಂದು ಕೇಳಿದರೆ, "ಅದೇ ಮೇಡಂ, ಮೆಟ್ಟಿಲು ಹತ್ತಿ ಹೋಗ್ತಾಳಲ್ಲ," ಎನ್ನುವ ಅಪ್ಪಂದಿರು.

ಎಲ್ಲಕ್ಕೂ ಕಿಟಕಿ ಮೇಡಂ ಉತ್ತರ ಒಂದೇ ಧಾಟಿಯದು: "ಆಗುತ್ತೆ, ಕೂತಿರಿ." ಬೆಂಕಿ ಬಿದ್ದಿದೆ ಎಂದರೂ ಅವರು ಹೀಗೇ ಹೇಳುತ್ತಾರೆ ಎಂದು ಟೀಚರುಗಳ ಕೋಣೆಯಲ್ಲಿ ಮಾತಿತ್ತು. ಈ ಶಾಂತಿ ಹುಟ್ಟುಗುಣವಲ್ಲ, ಗಾಜಿನ ದಯೆ, ಎಂಬುದು ಅವರಿಗೆ ಮಾತ್ರ ಗೊತ್ತಿತ್ತು. ಅಥವಾ ಗೊತ್ತು ಅಂದುಕೊಂಡಿದ್ದರು.

ಹೊಸ ಹೆಡ್ಮಿಸ್ ಬಂದು ನಾಲ್ಕು ತಿಂಗಳಾಗಿತ್ತು. ವಯಸ್ಸಿನಲ್ಲಿ ಚಿಕ್ಕವರು, ಮಾತಿನಲ್ಲಿ ಮೆತ್ತಗೆ. ಮೆತ್ತಗೆ ಮಾತಾಡುವವರು ಹಿಡಿದ ಹಟ ಬಿಡುವುದಿಲ್ಲ ಎಂಬುದು ಅನುಭವದ ಮಾತು. ಒಂದು ಸೋಮವಾರ ಅವರು ಕಿಟಕಿ ಮೇಡಂ ಅವರನ್ನು ಕರೆದು ಎದುರಿಗೆ ಕೂರಿಸಿಕೊಂಡರು.

"ಮೇಡಂ, ನಮ್ಮ ಶಾಲೆಗೆ ಬಂದವರಿಗೆ ಮೊದಲು ಕಾಣೋದು ಏನು ಹೇಳಿ."

"ಗೇಟು."

"ಗೇಟು ಆದ ಮೇಲೆ."

"ನಾನು."

"ಇಲ್ಲ. ನಿಮ್ಮ ಎರಡು ಬೆರಳು, ಒಂದು ಪೆನ್ನು." ಹೆಡ್ಮಿಸ್ ನಕ್ಕರು. "ಬಂದವರಿಗೆ ಮುಖ ಕಾಣಬೇಕು ಮೇಡಂ. ಗಾಜು ತೆಗೆಸಿಬಿಡೋಣ ಅಂತಿದೀನಿ. ನಾಳೆಯಿಂದ ನೋಡಿ. ಒತ್ತಡ ಜಾಸ್ತಿ ಅನ್ನಿಸಿದ್ರೆ ಹಿಂದುಗಡೆ ದಾಖಲೆ ಕೋಣೆ ಇದೆ. ಅಲ್ಲಿಗೆ ಯಾರೂ ಬರಲ್ಲ, ಆರಾಮು. ನಿಮಗೆ ಬಿಪಿ ಇದೆ ಅಂತಲೂ ಕೇಳಿದೆ. ಬಲವಂತ ಏನಿಲ್ಲ. ಅಲ್ಲೋ ಇಲ್ಲೋ ಅಂತ ಶುಕ್ರವಾರದ ಒಳಗೆ ಹೇಳಿಬಿಡಿ."

ದಾಖಲೆ ಕೋಣೆ ನೀರಿನ ಟ್ಯಾಂಕಿನ ಪಕ್ಕದಲ್ಲಿತ್ತು. ಒಂದು ಟ್ಯೂಬ್‌ಲೈಟು, ಒಂದು ಏಣಿ, ಐವತ್ತು ವರ್ಷದ ಹಾಜರಿ ಪುಸ್ತಕಗಳು. ಇಪ್ಪತ್ತೆರಡು ವರ್ಷದಿಂದ ದಿನಕ್ಕೊಮ್ಮೆಯಾದರೂ "ಈ ಕಿಟಕಿ ಯಾರಿಗೆ ಬೇಕು" ಎನ್ನುತ್ತಿದ್ದ ಹೆಂಗಸಿಗೆ ಯಾರೋ ನಿಜವಾಗಿ "ಬೇಡದಿದ್ದರೆ ಕೊಡಿ" ಎಂದಾಗ ಅದು ತನಗೇ ಬೇಕಿತ್ತೇನೋ ಎನ್ನಿಸಿತು. ನಿವೃತ್ತಿಗೆ ಇದ್ದದ್ದು ಮೂರು ವರ್ಷ. ಆ ಮೂರನ್ನು ಸತ್ತ ಹಾಜರಿಗಳ ಜೊತೆ ಕಳೆಯುವುದೋ, ಬದುಕಿರುವ ತಲೆಗಳ ಜೊತೆಯೋ, ಐದು ದಿನದಲ್ಲಿ ತೀರ್ಮಾನವಾಗಬೇಕಿತ್ತು.

ಸಂಜೆ ಮನೆಯಲ್ಲಿ ವಿಷಯ ಇಟ್ಟರು. ಗಂಡ ಗಡಿಯಾರ ರಿಪೇರಿಯವರು. ಮನೆಗೆ ಬಂದ ಮೇಲೂ ಒಂದು ಕಣ್ಣು ಕಿರಿದು ಮಾಡಿಕೊಂಡೇ ಲೋಕ ನೋಡುವುದು ಅಭ್ಯಾಸವಾಗಿತ್ತು.

"ದಾಖಲೆ ಕೋಣೆ ತಗೋ," ಎಂದರು. "ತಣ್ಣಗಿರ್ತೀಯ."

"ತಣ್ಣಗಿರೋಕೆ ನಾನೇನು ನೀರಿನ ಹೂಜಿಯೇನ್ರೀ?"

ಮೂಲೆಯಲ್ಲಿ ಕೂತು ಬಟ್ಟೆ ಮಡಿಸುತ್ತಿದ್ದ ಅತ್ತೆ ತಲೆ ಎತ್ತದೆ ಹೇಳಿದರು: "ಗಾಜು ತೆಗೆದ್ರೆ ಏನಾಗುತ್ತೆ? ನಿನ್ನ ಮುಖ ಕಾಣುತ್ತೆ ಅಷ್ಟೇ ತಾನೆ. ಮೂವತ್ತು ವರ್ಷದಿಂದ ನಾನು ನೋಡ್ತಾ ಇಲ್ವೇ?"

"ನಿಮಗೆ ಬೇರೆ ದಾರಿ ಇರ್ಲಿಲ್ಲ ಅತ್ತೆ."

"ಅವರಿಗೂ ಇಲ್ಲ. ಮಕ್ಕಳನ್ನ ಸೇರಿಸಿ ಆಗಿದೆಯಲ್ಲ."

ಮಂಗಳವಾರ ಬಡಗಿ ಬಂದು ಎರಡೂ ಗಾಜು ಬಿಚ್ಚಿ ಗೋಡೆಗೆ ಒರಗಿಸಿ ಹೋದ. ಆ ಜಾಗದಲ್ಲಿ ಮೂರೂವರೆ ಅಡಿ ಅಗಲದ ಬಾಯಿ ತೆರೆದುಕೊಂಡಿತು. ಕಿಟಕಿ ಮೇಡಂ ಅದರ ಹಿಂದೆ, ಅಂಗಡಿ ಮುಂದೆ ಇಟ್ಟ ಗೊಂಬೆಯ ಹಾಗೆ, ಕೈ ಎಲ್ಲಿಡಬೇಕೆಂದು ತಿಳಿಯದೆ ಕೂತರು.

ಮೊದಲ ಯಡವಟ್ಟು ಎಂಟೂಕಾಲಿಗೇ ಆಯಿತು. ಮೀಸೆಯ ಗಂಡಸೊಬ್ಬ ಬಂದು, ಪರಿಚಿತರ ನಗೆ ನಕ್ಕು ನಿಂತ.

"ಹೊಸ ಅಡ್ಮಿಶನ್ನಾ ಸಾರ್?" ಎಂದರು ಕಿಟಕಿ ಮೇಡಂ.

ಆತನ ನಗೆ ಇಳಿಯಿತು. "ಆರು ವರ್ಷದಿಂದ ಬರ್ತಿದೀನಲ್ಲ ಮೇಡಂ. ಮೊನ್ನೆ ಶುಕ್ರವಾರ ಕೂಡ ಬಂದಿದ್ದೆ."

ಮುಖ ನೋಡಿದರು. ಎಂದೂ ಕಂಡಿಲ್ಲದ ಮುಖ. ಆತ ಬೇಸರದಿಂದ ರಜೆಚೀಟಿಯನ್ನು ಮುಂದಕ್ಕೆ ತಳ್ಳಿದ. ಬಲಗೈಯ ತೋರುಬೆರಳಿನ ಉಗುರು ಅರ್ಧ ಕಪ್ಪು, ಮಣಿಕಟ್ಟಿನಲ್ಲಿ ಹಳೆಯ ಸುಟ್ಟ ಗಾಯ.

"ಓ, ನೀವಾ," ಎಂದರು ಕಿಟಕಿ ಮೇಡಂ. "ಏಳನೇ ಕ್ಲಾಸು, ರೋಲ್ ನಂಬರ್ ಹನ್ನೊಂದು. ಹುಡುಗನ ಕೆಮ್ಮು ಹೋಯ್ತಾ? ಕೈ ಮೊದಲೇ ತೋರಿಸಬಾರದಾ ಸಾರ್."

ಇಪ್ಪತ್ತೆರಡು ವರ್ಷ ಅವರು ಜನರನ್ನು ಕೈಯಿಂದ ಗುರುತಿಸಿದ್ದರು. ಯಾರ ಬಳೆ ಹೇಗೆ ಸದ್ದು ಮಾಡುತ್ತದೆ, ಯಾರ ಅಂಗೈ ಬೆವರುತ್ತದೆ, ಯಾರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ತರುತ್ತಾರೆ, ಎಲ್ಲ ಗೊತ್ತು. ಮುಖ ಗೊತ್ತಿರಲಿಲ್ಲ. ಆ ದಿನ ಒಂಬತ್ತು ಮಂದಿ ಹಳಬರನ್ನು ಹೊಸಬರೆಂದು ಸ್ವಾಗತಿಸಿದರು. ಮೂವರು ಹೆಡ್ಮಿಸ್ ಹತ್ತಿರ ದೂರಿದರು. ಜೊತೆಗೆ ತಲೆಗಳು ಒಳಗೆ ಬಂದವು. ತಲೆಯ ಹಿಂದೆ ಮೊಣಕೈ ಬಂತು, ಮೊಣಕೈಯ ಹಿಂದೆ ಕೈಚೀಲ. ಮಧ್ಯಾಹ್ನದ ಹೊತ್ತಿಗೆ ಎರಡು ಪೆನ್ನು ಹೋಗಿ ಒಂದು ಮಗು ಬಂದಿತ್ತು. ತಾಯಿ ಅರ್ಜಿ ತುಂಬುವಷ್ಟು ಹೊತ್ತು ಅದನ್ನು ಮೇಜಿನ ಮೇಲೆ ಕೂರಿಸಿದ್ದಳು.

"ಹೇಗಿದೆ?" ಎಂದು ಸಂಜೆ ಹೆಡ್ಮಿಸ್ ಕೇಳಿದರು.

"ಗಾಳಿ ಚೆನ್ನಾಗಿ ಬರುತ್ತೆ," ಎಂದರು ಕಿಟಕಿ ಮೇಡಂ.

ಬುಧವಾರ ಅವರು ಒಂದು ಪಟ್ಟಿ ಬರೆದರು. ಮುಂದೆ ಆದದ್ದಕ್ಕೆಲ್ಲ ಅದೇ ಮೂಲವಾದ್ದರಿಂದ ಅದು ಯಾವ ಪಟ್ಟಿ ಎಂದು ಈಗಲೇ ಹೇಳಿಬಿಡುವುದು ಒಳ್ಳೆಯದು. ಮೂರನೇ ತರಗತಿಯ ಎಂಬತ್ತನಾಲ್ಕು ಮಕ್ಕಳ ಗುಂಪು ಫೋಟೋ ತೆಗೆಯುವುದಿತ್ತು. ಗಂಟೆಯಣ್ಣ ಎಲ್ಲರನ್ನೂ ಗೋಡೆಗೆ ನಿಲ್ಲಿಸಿ ಪೆನ್ಸಿಲಿನಲ್ಲಿ ಗೆರೆ ಎಳೆದು ಎತ್ತರ ಅಳೆದಿದ್ದ. ಉದ್ದ ಇರುವವರು ಹಿಂದೆ ಬೆಂಚಿನ ಮೇಲೆ, ಮಧ್ಯಮದವರು ನಿಂತು, ಗಿಡ್ಡ ಇರುವವರು ಮುಂದೆ ನೆಲದಲ್ಲಿ. ಇದನ್ನೆಲ್ಲ ಪ್ರತಿ ಹೆಸರಿನ ಮುಂದೆ ಬರೆಯುವ ತಾಳ್ಮೆ ಇಲ್ಲದೆ ಕಿಟಕಿ ಮೇಡಂ ಎ, ಬಿ, ಸಿ ಎಂದು ಮೂರು ಗುಂಪು ಮಾಡಿದರು. ಮೇಲೆ "ಮೂರನೇ ತರಗತಿ" ಎಂದೂ ಅದರ ಕೆಳಗೆ "ಫೋಟೋ, ಎತ್ತರದ ಪ್ರಕಾರ" ಎಂದೂ ಬರೆದು, ಹಾರದಿರಲಿ ಎಂದು ಎರಡನೇ ಸಾಲಿನ ಮೇಲೆ ತಮ್ಮ ನೀರಿನ ಬಾಟಲಿ ಇಟ್ಟರು. ಗಾಜಿದ್ದಾಗ ಕಾಗದ ಹಾರುವ ಪ್ರಶ್ನೆಯೇ ಇರಲಿಲ್ಲ, ಬಾಟಲಿಗೆ ಮೇಜಿನ ಮೇಲೆ ಕೆಲಸವೂ ಇರಲಿಲ್ಲ.

ಮೂರರಿಂದ ನಾಲ್ಕಕ್ಕೆ ಹೋಗುವಾಗ ಆ ಶಾಲೆಯಲ್ಲಿ ಸೆಕ್ಷನ್‌ಗಳನ್ನು ಕಲಸಿ ಹೊಸದಾಗಿ ಹಂಚುತ್ತಿದ್ದರು. ಹಂಚಿಕೆ ಬರುವ ಸೋಮವಾರ ಪ್ರಕಟವಾಗಬೇಕಿತ್ತು. ಎ ಸೆಕ್ಷನ್ ಟೀಚರು ಕಲ್ಲಿಗೂ ಭಾಗಾಕಾರ ಕಲಿಸುತ್ತಾರೆ, ಸಿ ಸೆಕ್ಷನ್ ಟೀಚರು ಕಲ್ಲಿನ ಹಾಗೆ ಕೂರುತ್ತಾರೆ ಎಂದು ಹೆತ್ತವರಲ್ಲಿ ಬಲವಾದ ನಂಬಿಕೆ. ಇಂಥ ವಾರದಲ್ಲಿ, ಬುಧವಾರ ಮೂರು ಗಂಟೆಗೆ, ಮಗಳ ಸ್ವೆಟರು ಕೇಳಲು ಬಂದ ತಾಯಿಯೊಬ್ಬಳು ತೆರೆದ ಕಿಟಕಿಯಲ್ಲಿ ಮೊಣಕೈ ಊರಿ, ಮೇಜಿನ ಮೇಲಿದ್ದ ಕಾಗದವನ್ನು ತಲೆಕೆಳಗಾಗಿ ಓದಿದಳು. ಸ್ವೆಟರು ಹುಡುಕಲು ಕಿಟಕಿ ಮೇಡಂ ಬೀರುವಿನತ್ತ ತಿರುಗಿದಾಗ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಳು. ಸ್ವೆಟರು ಮರೆತೇ ಹೋದಳು. ರಾತ್ರಿಯೊಳಗೆ ಆ ಫೋಟೋ ಹೆತ್ತವರ ಮೊಬೈಲುಗಳನ್ನೆಲ್ಲ ಸುತ್ತಿ ಬಂತು.

ಗುರುವಾರ ಬೆಳಿಗ್ಗೆ ಕಿಟಕಿ ಮೇಡಂ ಮೊದಲೇ ಹೇಳಿ ಎರಡು ಗಂಟೆ ರಜೆ ಪಡೆದು ಬಿಪಿ ತೋರಿಸಲು ಹೋಗಿದ್ದರು.

"ನೂರೈವತ್ತೆರಡು," ಎಂದರು ಡಾಕ್ಟರು. "ಕೆಲಸದಲ್ಲಿ ಏನಾದ್ರೂ ಬದಲಾವಣೆ ಆಗಿದೆಯಾ?"

"ಕಿಟಕಿ ತೆಗೆದ್ರು."

ಡಾಕ್ಟರು ಬರೆದುಕೊಳ್ಳಲು ಪೆನ್ನು ಎತ್ತಿ, ಏನು ಬರೆಯಬೇಕೆಂದು ತೋಚದೆ, ಅದೇ ಮಾತ್ರೆ ಮುಂದುವರಿಸಿದರು.

ಹತ್ತು ಗಂಟೆಗೆ ಶಾಲೆಯ ಹೊಸ್ತಿಲು ದಾಟಿದರೆ, ಕಚೇರಿಯ ಮುಂದಿನ ಹಜಾರದಲ್ಲಿ ಕಾಲಿಡಲು ಜಾಗವಿಲ್ಲ. ಮೂವತ್ತು ಮೂವತ್ತೈದು ಜನ, ಎಲ್ಲರ ಕೈಯಲ್ಲೂ ಮೊಬೈಲು. ಒಳಗಿನ ಬಾಗಿಲಿಗೆ ಹೋಗುವ ದಾರಿ ಅವರ ನಡುವೆಯೇ ಇತ್ತು. ಅವರು ಒಂದು ಹೆಜ್ಜೆ ಮುಂದಿಟ್ಟರು.

"ಎಲ್ಲಿಗೆ ನುಗ್ತೀರಿ ಅಮ್ಮ? ಲೈನಿದೆ," ಎಂದ ಒಬ್ಬ ಎತ್ತರದ ತಂದೆ, ತಿರುಗಿಯೂ ನೋಡದೆ. "ಹಿಂದೆ ನಿಂತ್ಕೊಳ್ಳಿ."

ಕಿಟಕಿ ಮೇಡಂ ನಿಂತರು. ಕಿಟಕಿಯ ಈಚೆ ಬದಿಯಲ್ಲಿ, ಲೈನಿನ ಕೊನೆಯಲ್ಲಿ, ಜೀವನದಲ್ಲಿ ಮೊದಲ ಸಲ. ಅಲ್ಲಿಂದ ಏನೂ ಕಾಣುತ್ತಿರಲಿಲ್ಲ. ಮುಂದೆ ಏನೋ ಮಾತು ನಡೆದಿದೆ, ಯಾರದೋ ಕೆಲಸ ಆಗುತ್ತಿದೆ, ತನ್ನದು ಆಗುತ್ತಿಲ್ಲ, ಅಷ್ಟೇ ಗೊತ್ತಾಗುವುದು. ಎರಡೇ ನಿಮಿಷದಲ್ಲಿ ಅವರಿಗೆ ತಮಗರಿವಿಲ್ಲದೆ ಮುಂದಿನವರ ಬೆನ್ನು ತಳ್ಳಬೇಕೆನಿಸಿತು. ತುದಿಗಾಲಲ್ಲಿ ನಿಂತು ನೋಡಿದರು. ತೆರೆದ ಕಿಟಕಿಯಲ್ಲಿ ತಮ್ಮ ಕುರ್ಚಿಯ ಮೇಲೆ ಹೆಡ್ಮಿಸ್ ಕೂತಿದ್ದರು. ಮೂರು ತಲೆಗಳು ಒಳಗಿದ್ದವು.

"ನನ್ನ ಮಗ ಸಿ. ಯಾವ ಆಧಾರದ ಮೇಲೆ ಸಿ?" ಎನ್ನುತ್ತಿತ್ತು ಒಂದು ತಲೆ.

"ಸೆಕ್ಷನ್ ಇನ್ನೂ ಆಗಿಲ್ಲ," ಎಂದರು ಹೆಡ್ಮಿಸ್, ಬಹುಶಃ ಇಪ್ಪತ್ತನೇ ಸಲ.

"ಆಗಿಲ್ಲ ಅಂದ್ರೆ ಇದೇನು ಮೇಡಂ? ನಿಮ್ಮ ಆಫೀಸಿನ ಕೈಬರಹ ಅಲ್ವಾ?"

ಹೆಡ್ಮಿಸ್ ಫೋಟೋ ನೋಡಿದರು. ಅದು ಕಚೇರಿಯ ಕೈಬರಹವೇ. ಹಿರಿಯ ಗುಮಾಸ್ತೆ ತಮ್ಮನ್ನು ಕೇಳದೆ ಸೆಕ್ಷನ್ ಹಂಚಿಬಿಟ್ಟಿದ್ದಾರೆ ಎಂಬ ಅನುಮಾನ ಅವರ ಮುಖದಲ್ಲಿ ಹರಡಿದ್ದು ಲೈನಿನ ಕೊನೆಯವರೆಗೂ ಕಂಡಿತು. ಕಿಟಕಿ ಮೇಡಂ ಲೆಕ್ಕ ಹಾಕಿದರು. ನಾಳೆ ಶುಕ್ರವಾರ. ಇನ್ನು ಅಲ್ಲೋ ಇಲ್ಲೋ ಎಂದು ಕೇಳುವ ಗೋಜಿಗೂ ಯಾರೂ ಹೋಗಲಿಕ್ಕಿಲ್ಲ. ದಾಖಲೆ ಕೋಣೆಯ ಬೀಗದ ಕೈ ಕೊಟ್ಟು ಕಳಿಸುತ್ತಾರೆ.

"ಆಗುತ್ತೆ, ಕೂತಿರಿ," ಎಂದರು ಅವರು, ಅಭ್ಯಾಸದಿಂದ. ಕೂರಲು ಜಾಗವಿರಲಿಲ್ಲ. ಆದರೆ ಧ್ವನಿ ಎಲ್ಲರಿಗೂ ಗೊತ್ತಿತ್ತು. ಮೂವತ್ತು ಕುತ್ತಿಗೆ ಒಟ್ಟಿಗೆ ಹಿಂದಕ್ಕೆ ತಿರುಗಿದವು. ಎತ್ತರದ ತಂದೆ ಪಕ್ಕಕ್ಕೆ ಸರಿದ.

ಹೆಡ್ಮಿಸ್ ಎದ್ದು ನಿಂತರು. "ಮೇಡಂ, ಇದೇನು?" ಧ್ವನಿ ಮೆತ್ತಗೇ ಇತ್ತು, ಅದರಲ್ಲಿ ಮೊದಲಿನ ನಗೆ ಇರಲಿಲ್ಲ.

"ಫೋಟೋ ಪಟ್ಟಿ ಮೇಡಂ. ಎತ್ತರದ ಪ್ರಕಾರ. ಎ ಬೆಂಚಿನ ಮೇಲೆ, ಬಿ ನಿಂತು, ಸಿ ನೆಲದಲ್ಲಿ. ಆ ಬಾಟಲಿ ಎತ್ತಿ, ಕೆಳಗೆ ಬರೆದಿದೆ."

ಹೆಡ್ಮಿಸ್ ಬಾಟಲಿ ಎತ್ತಿದರು. ಓದಿದರು. ಕಾಗದವನ್ನು ತಿರುಗಿಸಿ ಒಳಗಿದ್ದ ಮೂರು ತಲೆಗಳಿಗೆ ತೋರಿಸಿದರು. ಹಜಾರದಲ್ಲಿ ಮೊಬೈಲುಗಳು ಒಂದೊಂದಾಗಿ ಜೇಬಿಗಿಳಿದವು. ಕೆಲಸಕ್ಕೆ ಚಕ್ಕರ್ ಹೊಡೆದು ಬಂದಿದ್ದ ಮೂವತ್ತೈದು ಜನ ಪೆಚ್ಚಾದರು. ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಆದರೆ ಸಿಟ್ಟು ಮಾಡಿಕೊಂಡು ಮನೆ ಬಿಟ್ಟವನು ಬರಿಗೈಲಿ ವಾಪಸು ಹೋಗಲಾರ.

"ಸರಿ," ಎಂದ ಒಬ್ಬ ತಂದೆ ಗಂಟಲು ಸರಿಮಾಡಿಕೊಂಡು. "ಎತ್ತರ ಅಂತಲೇ ಇಟ್ಕೊಳ್ಳೋಣ. ಹಾಗಾದ್ರೂ ನನ್ನ ಮಗ ಸಿ ಯಾಕೆ? ನಮ್ಮ ಮನೆತನದಲ್ಲೇ ಕುಳ್ಳರಿಲ್ಲ."

ಹೇಳಿದವನು ಕಿಟಕಿ ಮೇಡಂ ಭುಜದಷ್ಟಿದ್ದ.

"ನಮ್ಮ ಹುಡುಗಿ ರಜೆಯಲ್ಲಿ ಬೆಳೆದಿದಾಳೆ," ಎಂದಳು ಒಬ್ಬ ತಾಯಿ. "ಯಾವಾಗ ಅಳೆದ್ರಿ?"

"ಮೊನ್ನೆ," ಎಂದ ಗಂಟೆಯಣ್ಣ ಬಾಗಿಲ ಸಂದಿಯಿಂದ. "ಶೂ ಬಿಚ್ಚಿಸಿ ಅಳೆದಿದೀನಿ, ಜುಟ್ಟು ಬಿಟ್ಟು."

"ಜುಟ್ಟು ಯಾಕೆ ಬಿಟ್ರಿ?"

ಮತ್ತೆ ಗುಜುಗುಜು ಏರತೊಡಗಿತು. ಒಂದು ಗೇಣಿನ ಕಾಲವಾಗಿದ್ದರೆ ಕಿಟಕಿ ಮೇಡಂ ಬೆಣೆ ತೆಗೆದು ಗಾಜು ಮುಚ್ಚಿ ಹತ್ತು ನಿಮಿಷ ಫೈಲು ನೋಡುತ್ತಿದ್ದರು. ಈಗ ಗಾಜು ಗೋಡೆಗೆ ಒರಗಿತ್ತು, ತಾವು ಜನರ ನಡುವೆ ನಿಂತಿದ್ದರು. ಬಾಯಿಗೆ ಬಂದದ್ದನ್ನು ಹೇಳಿದರು:

"ಎತ್ತರದ ತಕರಾರು ಇರೋರು ಇಲ್ಲೇ ಉಳೀರಿ. ಒಬ್ಬೊಬ್ಬರದಾಗಿ ಬರ್ಕೋತೀನಿ. ಆದ್ರೆ ಲೈನೂ ಎತ್ತರದ ಪ್ರಕಾರವೇ. ಗಿಡ್ಡ ಇರೋರು ಮುಂದೆ, ಉದ್ದ ಇರೋರು ಹಿಂದೆ. ಯಾರು ಗಿಡ್ಡ ಅಂತ ನೀವೇ ತೀರ್ಮಾನ ಮಾಡ್ಕೊಳ್ಳಿ."

ಜನ ಒಬ್ಬರನ್ನೊಬ್ಬರು ನೋಡಿದರು. ಮುಂದೆ ಹೋಗಬೇಕೆಂದರೆ ಗಿಡ್ಡ ಎಂದು ಒಪ್ಪಿಕೊಳ್ಳಬೇಕು. ಒಪ್ಪದಿದ್ದರೆ ಕೊನೆಯಲ್ಲಿ ನಿಲ್ಲಬೇಕು. ಅತ್ತ ದರಿ, ಇತ್ತ ಪುಲಿ. ಕುಳ್ಳರಿಲ್ಲದ ಮನೆತನದ ತಂದೆ ಎದೆಯುಬ್ಬಿಸಿ ಹಿಂದೆ ಹೋಗಿ ಎತ್ತರದ ತಂದೆಯ ಪಕ್ಕ ನಿಂತ. ಎತ್ತರದ ತಂದೆ ಕೆಳಗೆ ನೋಡಿ, "ಇಲ್ಲೇ ಇರಿ ಸಾರ್, ಪರವಾಗಿಲ್ಲ. ನನಗೆ ಮುಂದಿನದೆಲ್ಲ ಕಾಣುತ್ತೆ," ಎಂದ. ಯಾರೋ ಮೂಗಿನಲ್ಲಿ ನಕ್ಕರು. ಆ ನಗು ಇನ್ನೊಬ್ಬರಿಗೆ ಹತ್ತಿತು. ಹೊಟ್ಟೆನೋವಿಗಿಂತ ಬೇಗ ಹರಡುವುದು ಅದೊಂದೇ. ಕೊನೆಗೆ ಆ ತಂದೆಯೂ, ಬೇರೆ ದಾರಿ ಕಾಣದೆ, ಸ್ವಲ್ಪ ನಕ್ಕ.

ಹತ್ತೂಮುಕ್ಕಾಲಿಗೆ ಹಜಾರ ಖಾಲಿಯಾಗಿತ್ತು. ಬರೆದುಕೊಂಡ ತಕರಾರು ನಾಲ್ಕು. ಸ್ವೆಟರಿನ ತಾಯಿ ಕೊನೆಯಲ್ಲಿ ಉಳಿದು, ನೆಲ ನೋಡುತ್ತ, "ಮೇಡಂ, ಆ ಸ್ವೆಟರು," ಎಂದಳು. ಕೊಟ್ಟರು. ಫೋಟೋದ ಮಾತು ಇಬ್ಬರೂ ಎತ್ತಲಿಲ್ಲ.

ಶುಕ್ರವಾರ ಮಧ್ಯಾಹ್ನ ಹೆಡ್ಮಿಸ್ ತಾವೇ ಕಚೇರಿಗೆ ಬಂದರು. ಕುರ್ಚಿ ಎಳೆದು ಕೂತು ಸ್ವಲ್ಪ ಹೊತ್ತು ಗೋಡೆಗೆ ಒರಗಿದ್ದ ಗಾಜನ್ನೇ ನೋಡಿದರು.

"ನಿನ್ನೆ ನಿಮ್ಮ ಮೇಲೆ ಅನುಮಾನ ಪಟ್ಟೆ."

"ಪಡಬೇಕಾದ್ದೇ. ಕೈಬರಹ ನನ್ನದೇ ಅಲ್ವಾ."

"ಒಂದು ಗಂಟೆ ಕೂತಿದ್ದೆ ಮೇಡಂ ಇಲ್ಲಿ. ಒಬ್ಬರು ಮಾತಾಡ್ತಾ ಮಾತಾಡ್ತಾ ನನ್ನ ಕನ್ನಡಕ ತೆಗೆದು ಪಕ್ಕಕ್ಕಿಟ್ರು." ಅವರು ಕನ್ನಡಕ ಮುಟ್ಟಿ ನೋಡಿಕೊಂಡರು. "ಗಾಜು ವಾಪಸು ಹಾಕಿಸ್ತೀನಿ. ನಿಮ್ಮ ಒಂದು ಗೇಣೇ ಸರಿ. ಬೇಕಾದ್ರೆ ಅರ್ಧ ಮಾಡ್ಕೊಳ್ಳಿ."

ಕಿಟಕಿ ಮೇಡಂ ಹಳೆಯ ಮರದ ಬೆಣೆಯನ್ನು ಕೈಗೆತ್ತಿಕೊಂಡರು. ನಾಲ್ಕು ದಿನ ಹಿಂದೆ ಈ ಮಾತು ಬಂದಿದ್ದರೆ ಎದ್ದು ಕೈಮುಗಿಯುತ್ತಿದ್ದರು.

"ಒಂದು ಸಾಲದು ಮೇಡಂ," ಎಂದರು ಈಗ. "ನಿನ್ನೆ ಲೈನಿನ ಕೊನೇಲಿ ನಿಂತಿದ್ದೆ. ಅಲ್ಲಿಂದ ಏನೂ ಕಾಣಲ್ಲ. ಕಾಣದೇ ಇದ್ರೆ ನಾನೂ ತಳ್ತೀನಿ. ಎರಡು ಗೇಣು ಇರಲಿ. ತಲೆ ತೂರದ ಹಾಗೆ ಅಡ್ಡಕ್ಕೊಂದು ಮರದ ಪಟ್ಟಿ ಹೊಡೆಸಿ. ಮುಖ ಕಂಡ್ರೆ ಸಾಕು."

"ಎರಡು ಗೇಣು ಅಂದ್ರೆ ಯಾರ ಗೇಣು?"

"ಬಡಗಿಯದೇ ಆಗಲಿ. ನಮ್ಮಿಬ್ಬರ ಕೈಯೂ ಬೇಡ."

ಹೆಡ್ಮಿಸ್ ಬರೆದುಕೊಂಡರು. "ಮತ್ತೆ ದಾಖಲೆ ಕೋಣೆ?"

"ಅಲ್ಲಿಗೆ ಯಾರೂ ಬರಲ್ಲ ಅಂದ್ರಲ್ಲ."

"ಹೌದು."

"ಅದೇ ಕಷ್ಟ."

ಫೋನು ಹೊಡೆದುಕೊಂಡಿತು. ಕಿಟಕಿ ಮೇಡಂ ಎತ್ತಿದರು. ಮೆಟ್ಟಿಲು ಹತ್ತಿ ಹೋಗುವ ಮಗಳ ಅಪ್ಪ. ಮಗಳು ಈಗ ಯಾವ ಕ್ಲಾಸೆಂದು ಕೇಳಿ ತಿಳಿದುಕೊಳ್ಳಲು ಹೆಂಡತಿ ಹೇಳಿದ್ದಳಂತೆ. ಹೆಡ್ಮಿಸ್ ಸದ್ದಿಲ್ಲದೆ ಎದ್ದು ಹೋದರು.

ಶನಿವಾರ ಬಡಗಿ ಬಂದು ಗಾಜು ಕೂರಿಸಿ, ಎರಡು ಗೇಣಿಗೆ ನಿಲ್ಲುವಂತೆ ಹಳಿಗೆ ಮೊಳೆ ಹೊಡೆದು, ಅಡ್ಡಪಟ್ಟಿ ಬಿಗಿದು ಹೋದ. ಸೋಮವಾರ ಸೆಕ್ಷನ್ ಪಟ್ಟಿ ಪ್ರಕಟವಾಯಿತು. ತಕರಾರು ಹೇಳಲು ಇಪ್ಪತ್ತಾರು ಮಂದಿ ಬಂದರು. ಕಿಟಕಿ ಮೇಡಂ ಕಿಟಕಿಯಲ್ಲೇ ಉಳಿದರು.